ರಟ್ಟಿನ ಮನೆಗೆ ಹೊಸ ಗೋಡೆ

ಕೊಳ್ಳೇಗಾಲದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೇಕಾರರ ಬೀದಿಯ ಹಿಂದಿನ ಓಣಿಯಲ್ಲಿ ಮಗ್ಗಗಳ ಸದ್ದು ಶುರುವಾಗಿಲ್ಲ, ಹಾಲಿನವನ ಸೈಕಲ್ಲು ಮಾತ್ರ ಒಂದು ಸುತ್ತು ಬಂದು ಹೋಗಿದೆ. ಪುಟ್ಟಗೌರಮ್ಮ ಆಗಲೇ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೈದಾ ಹಿಟ್ಟಿನ ಅಂಟು ಕಾಯಿಸುತ್ತಿದ್ದಾರೆ. ಗಂಟು ಕಟ್ಟದಂತೆ ಕೈಯಾಡಿಸುತ್ತಲೇ ಚಿಟಿಕೆ ಮೈಲುತುತ್ತ ಉದುರಿಸುತ್ತಾರೆ. ಅದು ಬೀಳದಿದ್ದರೆ ಕಟ್ಟಿದ ಮನೆಯನ್ನೆಲ್ಲ ಜಿರಳೆಗಳು ತಿಂದು ತೇಗುತ್ತವಂತೆ.

ಮನೆ ಎಂದರೆ ಇವರು ವಾಸವಿರುವ ಶೀಟಿನ ಮನೆಯಲ್ಲ. ನಡುಮನೆಯ ತುಂಬ, ಗೋಡೆಯ ಗೂಡಲ್ಲಿ, ಟ್ರಂಕಿನ ಮೇಲೆ, ಕೊನೆಗೆ ಮಡಿಸಿಟ್ಟ ಹಾಸಿಗೆಯ ಮೇಲೂ ಗೇಣುದ್ದದ ರಟ್ಟಿನ ಮನೆಗಳು ಸಾಲಾಗಿ ಕೂತಿವೆ. ಕಡಿದಾದ ಇಳಿಜಾರು ಸೂರು, ಕೆಂಪು ಹಳದಿ ಜಿಲಾಟಿನ್ ಕಾಗದದ ಕಿಟಕಿ, ಸೂರಿನ ಮೇಲೆ ಬಿಳೀ ಹಿಮ. ಹಿಮ ಎಂಬುದನ್ನು ಕೊಳ್ಳೇಗಾಲದಲ್ಲಿ ಕಂಡವರು ಯಾರಿದ್ದಾರೆ ಹೇಳಿ! ಆದರೂ ಇಲ್ಲಿ ಒಂದು ಇಡೀ ಊರೇ ಹಿಮ ಹೊದ್ದು ಕೂತಿದೆ. ಕ್ರಿಸ್ಮಸ್ ಬರುತ್ತಿದೆ, ಹನೂರು ಕಡೆಯ ಪಾಳ್ಯಗಳಿಂದ ಹಿಡಿದು ಬೆಂಗಳೂರಿನ ಅಂಗಡಿಗಳವರೆಗೆ ಬಾಲಯೇಸುವಿನ ಗೋದಲಿಗಳಲ್ಲಿ ಈ ಮನೆಗಳು ಬೆಳಗಬೇಕು.

ಅಂಟು ಇಳಿಸಿಟ್ಟು ಪುಟ್ಟಗೌರಮ್ಮ ಎದ್ದು ಟೀವಿಯ ಹತ್ತಿರ ಹೋಗುತ್ತಾರೆ. ಟೀವಿ ಪಕ್ಕದಲ್ಲಿ ಟವೆಲ್ಲು ಮುಚ್ಚಿದ ಒಂದು ಮನೆಯಿದೆ. ಟವೆಲ್ಲು ಎತ್ತಿ ನೋಡುತ್ತಾರೆ, ಮುಚ್ಚುತ್ತಾರೆ. ಒಲೆಯವರೆಗೆ ಬಂದವರು ತಿರುಗಿ ಹೋಗಿ ಮತ್ತೆ ಎತ್ತಿ ನೋಡುತ್ತಾರೆ.

“ಚೆಂದಾಗದೋ ಕೆಟ್ಟೋಗದೋ, ನಂಗೇ ಗೊತ್ತಾಯ್ತಿಲ್ಲ ಕಣ್ರಿ,” ಎನ್ನುತ್ತಾರೆ. “ಇವತ್ತು ಆ ಅವ್ವ ಬತ್ತಾರ. ಬಂದು ಏನಂತಾರೋ. ಒಬ್ರ ಮನೆ ಕೆಡವಿದ ಪಾಪ ನಂಗ್ ಬರ್ದಿದ್ರೆ ಸಾಕು.”

ಆ ಅವ್ವ ಎಂದರೆ ಹನೂರಿನಾಚೆಯ ಪಾಳ್ಯವೊಂದರ ಆರೋಗ್ಯಮೇರಿ. ಎಪ್ಪತ್ತು ದಾಟಿದ ಮುದುಕಿ. ಟವೆಲ್ಲಿನ ಕೆಳಗಿರುವುದು ಅವರ ಬಾಲ್ಯದ ರಟ್ಟಿನ ಮನೆ. ಮುರುಕು ಮನೆಯನ್ನು ತಂದುಕೊಟ್ಟು ಸರಿಮಾಡಲು ಹೇಳಿ ಹೋಗಿದ್ದರು. ಪುಟ್ಟಗೌರಮ್ಮ ಮೂರು ದಿನ ಬೇರೆ ಕೆಲಸವೆಲ್ಲ ಬದಿಗಿಟ್ಟು ಅದನ್ನು ಸರಿಮಾಡಿದ್ದಾರೆ. ಸರಿಮಾಡಿದ್ದಾರೆಯೇ? ಅದೇ ಈಗ ಪ್ರಶ್ನೆ. ಗಂಡ ದೇವರಾಜು ನೋಡಿ, “ಶೋರೂಮಿಂದ ಬಂದಂಗದ ಕಣಮ್ಮಿ,” ಅಂದಿದ್ದಾರೆ. ಮನೆಗಳನ್ನು ಕೊಳ್ಳುವ ಫ್ಯಾನ್ಸಿ ಸ್ಟೋರಿನ ಕುಮಾರಸ್ವಾಮಿ ನೋಡಿ ಹಣೆ ಚಚ್ಚಿಕೊಂಡು, “ಅಯ್ಯೋ ಗೌರಮ್ಮ, ಏನ್ ಮಾಡ್ಬುಟ್ರಿ ಇದನ್ನ!” ಅಂದಿದ್ದಾರೆ. ಸೊಸೆ ಪುಷ್ಪಳನ್ನು ಕೇಳಿದರೆ, “ನೀವು ನೋಡಿದ್ರೆ ಚೆಂದಾಗದೆ ಅತ್ತೆ, ಅವ್ರು ನೋಡಿದ್ರೆ ಗೊತ್ತಿಲ್ಲ,” ಅನ್ನುತ್ತಾಳೆ. ಇದನ್ನು ಕಟ್ಟಿಕೊಂಡು ಯಾರಿಗೆ ನಿದ್ದೆ ಬಂದೀತು?

ಪುಟ್ಟಗೌರಮ್ಮ ಹುಟ್ಟಿದ್ದು ಯಳಂದೂರು ಬಳಿಯ ಮಾಂಬಳ್ಳಿಯಲ್ಲಿ. ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ ಸೀರೆ ಡಬ್ಬದ ಕೆಲಸ ಕಲಿತರು. ರೇಷ್ಮೆ ಸೀರೆ ಮಡಿಸಿಡುವ ರಟ್ಟಿನ ಡಬ್ಬ. ರಟ್ಟು ಕೊಯ್ದು, ಗೀರು ಹಾಕಿ, ಮಡಿಸಿ, ಮೂಲೆಗೆ ಪಟ್ಟಿ ಅಂಟಿಸಿ, ಮೇಲೆ ಹೊಳೆಯುವ ಕಾಗದ ಹೊದಿಸುವುದು. ಮಕ್ಕಳಿಬ್ಬರನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಡಬ್ಬ ಮಾಡಿದ್ದಾರೆ. ಆಮೇಲೆ ಪ್ಲಾಸ್ಟಿಕ್ ಕವರು ಬಂತು, ಮೆಷಿನ್ನಿನಲ್ಲಿ ಅಚ್ಚಾದ ಡಬ್ಬ ಬಂತು, ಇವರ ಕೈಗೆ ಕೆಲಸ ಇಲ್ಲದಾಯಿತು. ಸ್ವಲ್ಪ ದಿನ ಸ್ವೀಟ್ ಅಂಗಡಿಗೆ ಮಿಠಾಯಿ ಡಬ್ಬ ಮಡಿಸಿಕೊಟ್ಟರು. ಅದೂ ನಿಂತಿತು.

ಆಗ ಕುಮಾರಸ್ವಾಮಿ ಒಂದು ಹರಿದ ರಟ್ಟಿನ ಮನೆ ಹಿಡಿದುಕೊಂಡು ಬಂದರು. ಯಾರೋ ಗಿರಾಕಿ, ಇಂಥದ್ದು ಹತ್ತು ಬೇಕು ಎಂದು ಕೇಳಿದ್ದರಂತೆ. ಪುಟ್ಟಗೌರಮ್ಮ ಅದನ್ನು ಅತ್ತಿತ್ತ ತಿರುಗಿಸಿ ನೋಡಿದವರೇ ಮೂಲೆಗೆ ನೀರು ಹಚ್ಚಿ, ಅಂಟು ಬಿಡಿಸಿ, ನೆಲದ ಮೇಲೆ ಚಪ್ಪಟೆಯಾಗಿ ಹರಡಿಬಿಟ್ಟರು.

“ಬಿಚ್ಚಿ ನೋಡಿದ್ರೆ ಏನದ ಅದ್ರಲ್ಲಿ? ಸೀರೆ ಡಬ್ಬನೇ ಕಣ್ರಿ,” ಎಂದು ಈಗ ನಗುತ್ತಾರೆ. “ಮುಚ್ಳ ಒಂಚೂರು ಚೂಪಗದೆ, ಅಷ್ಟೇಯ. ಆದ್ರೆ ಒಂದೂ ಅರ್ಥ ಆಗ್ಲಿಲ್ಲ. ಹಿಂದ್ಗಡೆ ಗೋಡೆಲಿ ತೂತು ಯಾಕೆ ಬುಟ್ಟವ್ರೆ? ಇಲಿ ಓಗಕ್ಕಾ? ಅಡುಗೆಮನೆ ಎಲ್ಲದೆ? ಜಗಲಿ ಇಲ್ದೆ ಮನೆ ಕಟ್ತಾರಾ ಯಾರಾದ್ರೂ?”

ತೂತು ಬಲ್ಬು ತೂರಿಸಲು ಎಂಬುದು ಎರಡನೇ ವರ್ಷ ಗೊತ್ತಾಯಿತು. ಸೂರಿನ ಮೇಲೆ ನಿಂತಿದ್ದ ಚೌಕದ ಕಂಬವನ್ನು ಇವರು ನೀರಿನ ಟ್ಯಾಂಕು ಎಂದುಕೊಂಡರು. ಕೊಳ್ಳೇಗಾಲದಲ್ಲಿ ಯಾರ ಮನೆಯ ಮೇಲೆ ನೋಡಿದರೂ ಇರುವುದು ಕಪ್ಪು ಟ್ಯಾಂಕೇ ತಾನೆ? ಅದಕ್ಕೆ ಮಿರಮಿರ ಕಪ್ಪು ಬಣ್ಣ ಬಳಿದು ಕಳಿಸಿದರು. ಅದು ಹೊಗೆ ಹೋಗುವ ಕೊಳವೆ ಎಂದು ಕುಮಾರಸ್ವಾಮಿ ಹೇಳುವಷ್ಟರಲ್ಲಿ ಟ್ಯಾಂಕಿನ ಮನೆಗಳೆಲ್ಲ ಮಾರಾಟವಾಗಿದ್ದವು. ಒಬ್ಬರೂ ತಕರಾರು ಮಾಡಲಿಲ್ಲ.

ಹಿಮದ ಪಾಡು ಇನ್ನೊಂದು. ಮೊದಲ ವರ್ಷ ಅಂಟಿನ ಮೇಲೆ ಚಿರೋಟಿ ರವೆ ಉದುರಿಸಿದರು. ಬೆಳ್ಳಗೆ, ನೋಡಲು ಲಕ್ಷಣವಾಗಿಯೇ ಇತ್ತು. ಬೆಳಗಾಗುವಷ್ಟರಲ್ಲಿ ಇರುವೆಗಳು ಓಣಿಯ ಆ ತುದಿಯಿಂದ ಮೆರವಣಿಗೆ ಹೊರಟು ಬಂದು ಅಷ್ಟೂ ಹಿಮವನ್ನು ಹೊತ್ತುಕೊಂಡು ಹೋಗಿದ್ದವು. ಆಮೇಲೆ ಪುಡಿಯುಪ್ಪು ಹಾಕಿ ನೋಡಿದರು, ಮೋಡ ಮುಚ್ಚಿದ ದಿನ ಸೂರೆಲ್ಲ ಬೆವೆತು ಕೂತಿತು. ಕೊನೆಗೆ ದಾರಿ ತೋರಿಸಿದ್ದು ದೇವರಾಜು. ಅವರು ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾರೆ. ಗೂಡಿನ ಮೈಗೆ ಅಂಟಿಕೊಂಡಿರುವ ಹಗುರ ಎಳೆ, ರೈತರು ಕಿತ್ತು ಎಸೆಯುವ ಜೇಡರ ಬಲೆಯಂಥದ್ದು, ಅದನ್ನು ಒಂದು ದಿನ ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು ಹೆಂಡತಿಯ ಮುಂದೆ ಸುರಿದರು. ಅಂದಿನಿಂದ ಕೊಳ್ಳೇಗಾಲದ ರಟ್ಟಿನ ಮನೆಗಳ ಮೇಲೆ ಬೀಳುವುದು ರೇಷ್ಮೆಯ ಹಿಮ!

ದಸರಾ ಮುಗಿದ ಮಾರನೆಯ ದಿನ ಕೆಲಸ ಶುರು, ಕ್ರಿಸ್ಮಸ್ ಮುಂಚಿನ ವಾರದವರೆಗೂ ಪುರುಸೊತ್ತಿಲ್ಲ. ದಿನಕ್ಕೆ ಆರೇಳು ಮನೆ ಏಳುತ್ತವೆ, ಇಗರ್ಜಿ ಕಟ್ಟಬೇಕಿದ್ದರೆ ನಾಲ್ಕೇ. ಗೋಪುರ ಹೆಚ್ಚು ಹೊತ್ತು ತಿನ್ನುತ್ತದೆ. ಪುಷ್ಪ ಸೀರೆಗೆ ಕುಚ್ಚು ಕಟ್ಟುವ ಕೆಲಸ ಮುಗಿಸಿ ಬಂದು ಕಿಟಕಿ ಅಂಟಿಸಿಕೊಡುತ್ತಾಳೆ. ಮೈಲುತುತ್ತ ಪುಟ್ಟಗೌರಮ್ಮನ ಬೆರಳ ಸಂದಿಯನ್ನೆಲ್ಲ ಬಿರಿಯಿಸಿದೆ, ಊಟಕ್ಕೆ ಕೂತರೆ ಸಾರಿನ ಖಾರ ಉರಿಯುತ್ತದೆ. ಕಣ್ಣು ಮೊದಲಿನಂತಿಲ್ಲ. ಇಷ್ಟು ಸಾಲದು ಎಂಬಂತೆ ನೆಂಟರ ಮಾತು ಬೇರೆ. ಮಾಂಬಳ್ಳಿಯಲ್ಲಿರುವ ನಾದಿನಿ ರಾಚಮ್ಮ ಬಂದಾಗಲೆಲ್ಲ ಮನೆಗಳ ಸಾಲು ನೋಡಿ, “ಏನತ್ಗೆ, ಜಾತಿ ಬುಟ್ಬುಟ್ರಾ?” ಎಂದು ಕೇಳುತ್ತಾರಂತೆ.

“ಗಣಪತಿ ಮಾಡೋನು ಗಣಪತಿ ಆಗ್ಬುಟ್ಟಾನಾ ಅಂದೆ. ಬಾಯಿ ಮುಚ್ಕಂಡ್ಳು,” ಎಂದು ಪುಟ್ಟಗೌರಮ್ಮ ಕತ್ತರಿ ಎತ್ತಿಕೊಳ್ಳುತ್ತಾರೆ. ಹಾಗೆಂದು ಅವರಿಗೂ ಎಲ್ಲ ತಿಳಿದಿದೆ ಎಂದಲ್ಲ. ಕಟ್ಟಿ ಕಳಿಸಿದ ಮನೆಗಳು ಎಲ್ಲಿಗೆ ಹೋಗುತ್ತವೆ, ಹೇಗೆ ಕೂರುತ್ತವೆ, ಯಾರು ನೋಡುತ್ತಾರೆ, ಒಂದನ್ನೂ ಅವರು ಕಂಡಿಲ್ಲ.

ಇತ್ತೀಚೆಗೆ ಇನ್ನೊಂದು ಗೊಂದಲ ಅಂಟಿಕೊಂಡಿದೆ. ಬೆಂಗಳೂರಿನ ಗಿರಾಕಿಗಳಿಗೆ ಮನೆ ಹೊಸದಾಗಿರಬೇಕು, ಆದರೆ ಹೊಸದರಂತೆ ಕಾಣಬಾರದು. ಅಜ್ಜಿಯ ಕಾಲದ ಟ್ರಂಕಿನಿಂದ ಈಗ ತಾನೆ ತೆಗೆದಂತೆ ಕಾಣಬೇಕು. ಕುಮಾರಸ್ವಾಮಿ ಮೊಬೈಲಿನಲ್ಲಿ ಫೋಟೋ ತೋರಿಸಿ, “ವಿಂಟೇಜು ಗೌರಮ್ಮ, ವಿಂಟೇಜು,” ಎಂದು ಹೇಳಿಕೊಟ್ಟರು. ಪುಟ್ಟಗೌರಮ್ಮ ಕಂಗಾಲಾದರು. ಸುಣ್ಣ ಹೊಡೆದ ಗೋಡೆಗೆ ಬೇಕೆಂತಲೇ ಮಸಿ ಬಳಿಯುವವರುಂಟೆ? ಆದರೂ ಕೆಲಸ ಕೆಲಸವೇ. ಟೀ ಡಿಕಾಕ್ಷನ್ನು ಕುದಿಸಿ, ಬಟ್ಟೆಯಲ್ಲಿ ಅದ್ದಿ, ಹೊಸ ಗೋಡೆಗಳಿಗೆಲ್ಲ ಒರೆಸಿ, ಬಿಸಿಲಿಗಿಟ್ಟು, ಬಣ್ಣ ಬಾಡಿಸುವುದನ್ನು ಕಲಿತರು. ಈಗ ಅದರಲ್ಲೂ ಎತ್ತಿದ ಕೈ. ಹಾಲು ಹಾಕಿಲ್ಲದ ಟೀ ಒಲೆಯ ಮೇಲೆ ಕುದಿಯುತ್ತಿದ್ದರೆ ಅದು ತಮಗಲ್ಲ, ಮನೆಗಳಿಗೆ ಎಂದು ದೇವರಾಜುಗೂ ಅಭ್ಯಾಸವಾಗಿದೆ.

ಹೀಗಿರುವಾಗ ಕಳೆದ ತಿಂಗಳು ಆರೋಗ್ಯಮೇರಿ ಬಂದರು. ಯಾರನ್ನೋ ಕೇಳಿಕೊಂಡು ಓಣಿ ಹುಡುಕಿಕೊಂಡು ಬಂದಿದ್ದ ಮುದುಕಿ ಸೀರೆಯ ಸೆರಗಿನಿಂದ ಒಂದು ರಟ್ಟಿನ ಮುದ್ದೆ ಹೊರತೆಗೆದರು. ಅದೂ ಗೇಣುದ್ದದ ಮನೆಯೇ. ಅಟ್ಟದ ಮೇಲಿಂದ ರಾಗಿ ಮೂಟೆ ಜಾರಿಬಿದ್ದು ಸೂರು ಅಪ್ಪಚ್ಚಿಯಾಗಿತ್ತು, ಗೋಡೆಗಳು ಬಾಯಿ ಬಿಟ್ಟಿದ್ದವು. ಅವರ ಅಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಕೂಲಿಗಿದ್ದಾಗ ಯಾರೋ ದೊರೆಸಾನಿ ಊರು ಬಿಡುವಾಗ ಕೊಟ್ಟು ಹೋಗಿದ್ದಂತೆ. “ಕ್ರಿಸ್ಮಸ್‌ಗೆ ಕುಡಿಲ್‌ನಲ್ಲಿ ಇಡಬೇಕಮ್ಮಾ, ಹೆಂಗಾದ್ರೂ ಸರಿ ಮಾಡ್ಕೊಡು,” ಎಂದರು. ತಮಿಳು ಮನೆಮಾತಿನ ಅವರ ಊರಲ್ಲಿ ಗೋದಲಿಗೆ ಕುಡಿಲ್ ಎನ್ನುತ್ತಾರೆ. ಬಸ್ಸಿಗೆ ಹೊತ್ತಾಗಿತ್ತು. ಅಷ್ಟೇ ಹೇಳಿ ಹೊರಟುಹೋದರು.

ಡಬ್ಬದ ಕೆಲಸದಲ್ಲಿ ಸರಿ ಮಾಡುವುದೆಂದರೆ ಒಂದೇ ಅರ್ಥ. ಮೂಲೆ ಒಡೆದ ಡಬ್ಬ ವಾಪಸ್ಸು ಬಂದರೆ, ಒಡೆದಿತ್ತು ಎಂಬುದೇ ಗೊತ್ತಾಗದಂತೆ ಕಳಿಸಬೇಕು. ತೇಪೆ ಕಂಡರೆ ಮಾಡಿದವಳಿಗೆ ಅವಮಾನ. ಹಾಗಂತ ಹಳೆ ರಟ್ಟನ್ನು ಯಾರೂ ಎಸೆಯುವುದಿಲ್ಲ. ಅದನ್ನೇ ಒಳಗೆ ಆಸರೆಗೆ ಕೊಟ್ಟು ಮೇಲೆ ಹೊಸ ಕಾಗದ ಹೊದಿಸುತ್ತಾರೆ. ಪುಟ್ಟಗೌರಮ್ಮ ಅದನ್ನೇ ಮಾಡಿದರು. ಸೂರು ಹೊಸದು ಹಾಕಿದರು. ನಾಲ್ಕು ಗೋಡೆಗೂ ಕೆನೆ ಬಣ್ಣದ ಹೊಸ ಕಾಗದ, ಕಿಟಕಿಗೆ ಹೊಸ ಜಿಲಾಟಿನ್, ಸೂರಿಗೆ ಕೈತುಂಬ ರೇಷ್ಮೆ ಎಳೆ. ಒಂದು ಕಿಟಕಿಯ ಪಕ್ಕ ಸುಟ್ಟು ಕರಕಲಾಗಿದ್ದ ಕಲೆಯಿತ್ತು. ಅದರ ಮೇಲೆ ಎರಡು ಪದರ ಕಾಗದ ಕೊಟ್ಟು ಮುಚ್ಚಿದರು. ಎಲ್ಲಕ್ಕಿಂತ ಹೆಚ್ಚು ಹೆಮ್ಮೆ ಅವರಿಗೆ ಅದರ ಬಗ್ಗೆಯೇ. ಡಿಕಾಕ್ಷನ್ನು ಮಾತ್ರ ಒರೆಸಲಿಲ್ಲ.

“ಬೆಂಗ್ಳೂರೋರಿಗೆ ಮಾರಕ್ಕಾದ್ರೆ ಒರೆಸ್ತಿದ್ದೆ. ಇದು ಆ ಅವ್ವನ್ ಸ್ವಂತ ಮನೆ. ಸ್ವಂತ ಮನೆನ ಯಾರಾದ್ರೂ ಹಬ್ಬದ್ ದಿನ ಹಳೇ ಗೋಡೆಲಿ ಇಟ್ಕತಾರಾ?” ಎಂದು ಪುಟ್ಟಗೌರಮ್ಮ ಕೇಳುತ್ತಾರೆ. ಕೇಳಿ, ಮತ್ತೆ ಟವೆಲ್ಲಿನ ಕಡೆ ನೋಡುತ್ತಾರೆ. “ಹೊಸದ್ನ ಹಳೇದು ಮಾಡು ಅಂತಾರೆ. ಹಳೇದ್ನ ಹೊಸದು ಮಾಡಿದ್ರೆ ಹಣೆ ಚಚ್ಕತಾರೆ. ಈ ಜನಕ್ಕೆ ಏನ್ ಬೇಕು ಅಂತ ನಮ್ ಮಾದಪ್ಪನೇ ಹೇಳ್ಬೇಕು.”

ಬಿಸಿಲು ಓಣಿಗಿಳಿಯುವ ಹೊತ್ತಿಗೆ ಆರೋಗ್ಯಮೇರಿ ಬಂದೇಬಿಡುತ್ತಾರೆ. ಬಸ್ಸು ಇಳಿದು ನಡೆದು ಬಂದು ಏದುಸಿರು. ಪುಷ್ಪ ಚಾಪೆ ಹಾಸಿ ನೀರು ಕೊಡುತ್ತಾಳೆ. ಪುಟ್ಟಗೌರಮ್ಮ ಟವೆಲ್ಲು ತೆಗೆದು ಮನೆಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದಿಡುತ್ತಾರೆ.

ಮುದುಕಿ ನೋಡುತ್ತಾರೆ. ಮುಖದಲ್ಲಿ ಏನೂ ಕಾಣುವುದಿಲ್ಲ. “ನಲ್ಲಾ ಇರುಕ್ಕುಮ್ಮಾ,” ಎನ್ನುತ್ತಾರೆ, ಚೆನ್ನಾಗಿದೆ ಎಂದು. ಮತ್ತೆ ಕನ್ನಡದಲ್ಲೂ, “ಚೆನ್ನಾಗೈತೆ,” ಎನ್ನುತ್ತಾರೆ. ಆಮೇಲೆ ಅತ್ತಿತ್ತ ನೋಡಿ ಮೆಲ್ಲಗೆ ಕೇಳುತ್ತಾರೆ: “ನಮ್ಮದು ಎಲ್ಲೈತೆ?”

ಪುಟ್ಟಗೌರಮ್ಮ ಮನೆಯನ್ನು ಅವರ ಹತ್ತಿರಕ್ಕೆ ಸರಿಸುತ್ತಾರೆ. “ಇದೇಯ ಕಣವ್ವ. ನಿಮ್ದೇ ಇದು.”

ಆರೋಗ್ಯಮೇರಿ ಮನೆಯನ್ನು ತಿರುಗಿಸಿ ಕಿಟಕಿಯ ಪಕ್ಕ ಬೆರಳಿನಿಂದ ತಡವುತ್ತಾರೆ. ಕೆನೆ ಬಣ್ಣದ ನುಣುಪು ಗೋಡೆಯ ಮೇಲೆ ಬೆರಳು ಒಂದು ಕಡೆ ನಿಲ್ಲದೆ ಓಡಾಡುತ್ತದೆ. “ಇಲ್ಲಿ ಕಪ್ಪಗೆ ಸುಟ್ಟಿತ್ತಲ್ಲಮ್ಮಾ?”

“ಮುಚ್ಚಿದೀನಿ ಕಣವ್ವ, ಚೂರೂ ಕಾಣ್ದಂಗೆ,” ಎಂದು ಪುಟ್ಟಗೌರಮ್ಮ ಹೇಳುತ್ತಾರೆ. ಹೇಳುವಾಗಲೇ ದನಿ ಇಳಿದುಹೋಗುತ್ತದೆ.

ಆರೋಗ್ಯಮೇರಿ ಅಳುವುದಿಲ್ಲ, ಬೈಯುವುದಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮನೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳುತ್ತಾರೆ: “ನಾನು ಚಿಕ್ಕೋಳು ಆವಾಗ. ಒಳಗೆ ಜನ ಇದಾರೆ, ಕತ್ತಲಲ್ಲಿ ಹೆದರ್ಕೊಳ್ತಾರೆ ಅಂತ ಮೇಣದಬತ್ತಿ ಹಚ್ಚಿ ಒಳಗಿಟ್ಟೆ. ಹತ್ಕೊಂಡ್ಬುಡ್ತು. ಅಪ್ಪ ಓಡ್ಬಂದು ಕೈಯಲ್ಲೇ ಒತ್ತಿ ಆರಿಸಿದ್ರು. ಹೊಡೀಲಿಲ್ಲ ನನ್ನ. ಆ ಮಸಿಯೊಳಗೆ ಅವರ ಹೆಬ್ಬೆಟ್ಟು ಕೂತ್ಬುಡ್ತು. ಅಪ್ಪಂದು ಒಂದು ಫೋಟೋ ಇಲ್ಲ ನಮ್ಮನೇಲಿ. ಗಣಿ ಧೂಳು ಕುಡ್ದು ಬೇಗ ಹೋದ್ರು. ವರ್ಷಕ್ಕೊಂದ್ಸಲ ಇದನ್ನ ಎತ್ತಿ ಇಡುವಾಗ ಆ ಹೆಬ್ಬೆಟ್ಟಿನ ಮೇಲೆ ನನ್ನ ಹೆಬ್ಬೆಟ್ಟು ಇಡೋದು. ಅಷ್ಟೇ.” ಮನೆಯ ಮೇಲೆ ಕೈಯಾಡಿಸಿ, “ಪರವಾಗಿಲ್ಲಮ್ಮಾ. ನಾನು ಮೊದಲೇ ಹೇಳಬೇಕಿತ್ತು,” ಎನ್ನುತ್ತಾರೆ.

ಪುಟ್ಟಗೌರಮ್ಮ ಮನೆಯನ್ನೇ ನೋಡುತ್ತಾರೆ. ಅಯ್ಯೋ ಶಿವನೇ, ಕಲೆ ಎಂದು ಮುಚ್ಚಿದ್ದು ಒಬ್ಬ ಮನುಷ್ಯನನ್ನೇ! ಹೊಸ ಕಾಗದದ ಕೆಳಗೆ ಹಳೆ ಗೋಡೆ ಹಾಗೇ ಇದೆ, ಕಾಗದ ಕೀಳಬಹುದು. ಆದರೆ ಅದಕ್ಕಿಂತ ದೊಡ್ಡ ಭಯ ಒಂದು ಈಗ ತಲೆಗೆ ಬರುತ್ತದೆ. ಅಂಟು ಸವರುವ ಮುಂಚೆ ರಟ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು ಡಬ್ಬದವರ ರೂಢಿ. ಧೂಳಿದ್ದರೆ ಅಂಟು ಹಿಡಿಯುವುದಿಲ್ಲ. ಕೈ ತನ್ನಷ್ಟಕ್ಕೆ ಮಾಡುವ ಕೆಲಸ ಅದು. ಈ ಗೋಡೆಯನ್ನು ಒರೆಸಿದ್ದರೋ ಇಲ್ಲವೋ? ಒರೆಸಿದ್ದರೆ ಆ ಮಸಿ, ಆ ಹೆಬ್ಬೆಟ್ಟು, ಬಟ್ಟೆಗೆ ಹತ್ತಿ ಬಚ್ಚಲಿಗೆ ಹೋಗಿ ವಾರವಾಯಿತು.

“ಪುಷ್ಪ, ನಾನು ಒರೆಸಿದ್ನಾ?” ಎಂದು ಸೊಸೆಯನ್ನು ಕೇಳುತ್ತಾರೆ. ಪುಷ್ಪಳಿಗೆ ಗೊತ್ತಿಲ್ಲ. ಗೂಡಿನ ಮಾರ್ಕೆಟ್ಟಿಗೆ ಹೊರಟು ನಿಂತಿದ್ದ ದೇವರಾಜುವನ್ನು ಕೇಳುತ್ತಾರೆ. ಅವರಿಗಂತೂ ಗೊತ್ತೇ ಇಲ್ಲ. ಪುಟ್ಟಗೌರಮ್ಮ ಕಣ್ಣು ಮುಚ್ಚಿ ಆ ದಿನವನ್ನು ನೆನೆದುಕೊಳ್ಳಲು ನೋಡುತ್ತಾರೆ. ಒರೆಸಿದಂತೆಯೂ ನೆನಪಾಗುತ್ತದೆ, ಒರೆಸದಂತೆಯೂ ನೆನಪಾಗುತ್ತದೆ.

ಒಲೆಯ ಮೇಲೆ ಪುಷ್ಪ ಇಡ್ಲಿ ಬೇಯಿಸಲು ಇಟ್ಟಿದ್ದಾಳೆ. ಪುಟ್ಟಗೌರಮ್ಮ ಎದ್ದು ಮುಚ್ಚಳ ತೆಗೆದು, ಇಡ್ಲಿ ತಟ್ಟೆಗಳನ್ನು ಹಾಗೇ ಎತ್ತಿ ಪಕ್ಕಕ್ಕಿಡುತ್ತಾರೆ. ಕೆಳಗೆ ನೀರು ಕೊತಕೊತ ಕುದಿಯುತ್ತಿದೆ. “ಇವತ್ತು ತಿಂಡಿ ಲೇಟು ಕಣ್ರಿ,” ಎಂದು ಗಂಡನಿಗೆ ಹೇಳಿ, ಆರೋಗ್ಯಮೇರಿಯ ತೊಡೆಯಿಂದ ಮನೆಯನ್ನು ಕೇಳಿ ತೆಗೆದುಕೊಂಡು ಆವಿಯ ಮೇಲೆ ಹಿಡಿಯುತ್ತಾರೆ. ಮೈದಾ ಅಂಟು ನೀರಿಗಿಂತ ಆವಿಗೆ ಮೆತ್ತಗಾಗುತ್ತದೆ, ರಟ್ಟು ಉಬ್ಬುವುದಿಲ್ಲ. ಬಿಸಿ ಬೆರಳು ಸುಡುತ್ತದೆ, ಬಿರುಕುಗಳು ಚುರುಗುಡುತ್ತವೆ. ಅವರು ಕೈ ತೆಗೆಯುವುದಿಲ್ಲ.

ಮೊದಲು ರೇಷ್ಮೆ ಎಳೆ ಜೋತುಬಿದ್ದು ಉದುರುತ್ತದೆ. ಆಮೇಲೆ ಮೂಲೆಯ ಪಟ್ಟಿ ಬಾಯಿ ಬಿಡುತ್ತದೆ. ಪುಟ್ಟಗೌರಮ್ಮ ಉಗುರಿನ ತುದಿಯಿಂದ ಆ ಒಂದು ಗೋಡೆಯ ಕೆನೆ ಬಣ್ಣದ ಕಾಗದವನ್ನು ಒಂದೊಂದೇ ಎಳೆ ಎಬ್ಬಿಸುತ್ತಾ ಬರುತ್ತಾರೆ. ಮೂರು ದಿನದ ಕೆಲಸ ಮುದುರಿ ಕೆಳಗೆ ಬೀಳುತ್ತಿದೆ. ಆರೋಗ್ಯಮೇರಿ ಚಾಪೆಯಿಂದ ಎದ್ದು ಬಂದು ಪಕ್ಕದಲ್ಲಿ ಕುಕ್ಕರಿಸಿದ್ದಾರೆ. ತಿಂಡಿಯಿಲ್ಲದೆ ಹೊರಟಿದ್ದ ದೇವರಾಜುವೂ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದಾರೆ.

ಕಿಟಕಿಯ ಪಕ್ಕಕ್ಕೆ ಬಂದಾಗ ಪುಟ್ಟಗೌರಮ್ಮನ ಉಗುರು ನಿಲ್ಲುತ್ತದೆ. “ನೀವೇ ನೋಡಿ ಅವ್ವ. ನಂಗೆ ನೋಡಕ್ಕಾಗ್ತಿಲ್ಲ,” ಎನ್ನುತ್ತಾರೆ. ಕಾಗದ ಮೆಲ್ಲಗೆ ಮೇಲೇಳುತ್ತದೆ.

ಒರೆಸಿರಲಿಲ್ಲ. ಮಸಿ ಇದೆ. ಆದರೆ ಪೂರ್ತಿ ಇಲ್ಲ. ಅಂಟು ಅದರಲ್ಲಿ ಅರ್ಧವನ್ನು ತನ್ನ ಜೊತೆ ಎತ್ತಿಕೊಂಡುಬಿಟ್ಟಿದೆ. ಹಳೆ ಗೋಡೆಯ ಮೇಲೆ ಹೆಬ್ಬೆಟ್ಟಿನ ಗೆರೆಗಳು ಮಸುಕಾಗಿ ಉಳಿದಿವೆ, ಕಿತ್ತ ಕಾಗದದ ಹಿಂಬದಿಯಲ್ಲಿ ಅದೇ ಹೆಬ್ಬೆಟ್ಟು ತಿರುಗುಮುರುಗಾಗಿ ಕೂತಿದೆ. ಒಬ್ಬನಿದ್ದವನು ಇಬ್ಬರಾಗಿದ್ದಾನೆ, ಇಬ್ಬರೂ ಅರ್ಧರ್ಧ. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಪುಟ್ಟಗೌರಮ್ಮ ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಕಾಗದ ಹಿಡಿದು ಕೂತುಬಿಡುತ್ತಾರೆ.

“ತಪ್ಪಾಯ್ತು ಕಣವ್ವ. ಪೂರ್ತಿ ಕೊಡಕ್ಕಾಗ್ಲಿಲ್ಲ,” ಎನ್ನುವಾಗ ಅವರ ಕಣ್ಣಲ್ಲಿ ನೀರು ದಳದಳ ಇಳಿಯುತ್ತದೆ.

ಆರೋಗ್ಯಮೇರಿ ಬಲಗೈಯ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡು, ಗೋಡೆಯ ಮಸುಕು ಗುರುತಿನ ಮೇಲೆ, ಮುಟ್ಟಿಯೂ ಮುಟ್ಟದಂತೆ ಇಡುತ್ತಾರೆ. “ಇದಾರೆ,” ಎನ್ನುತ್ತಾರೆ. ಆಮೇಲೆ ಕಾಗದವನ್ನೂ ಕೇಳಿ ಇಸಿದುಕೊಂಡು, ಆರಲೆಂದು ತಮ್ಮ ಮಡಿಲಲ್ಲಿ ಹರಡಿಕೊಳ್ಳುತ್ತಾರೆ. ಎಸೆಯುವುದು ಬೇಡ, ಎರಡೂ ತಮಗೇ ಇರಲಿ ಎನ್ನುತ್ತಾರೆ.

ಅಲ್ಲಿಂದ ಮುಂದಿನ ಕೆಲಸವನ್ನು ಪುಟ್ಟಗೌರಮ್ಮ ಕೇಳಿ ಕೇಳಿಯೇ ಮಾಡುತ್ತಾರೆ. ಈ ಗೋಡೆ ಇರ್ಲಾ ಅವ್ವ? ಇದು ಬೇಡ್ವಾ? ಈ ಕಿಟಕಿ ಯಾವ ಬಣ್ಣ ಇತ್ತು? ಹೊಸ ಸೂರು ಮುದುಕಿಗೆ ಇಷ್ಟವಾಗಿದೆ, ಅದಿರಲಿ. ಮೂರು ಗೋಡೆ ಹೊಸದು, ಇರಲಿ. ಸುಟ್ಟ ಗೋಡೆಯೊಂದು ಹಾಗೇ ಬರಿದಾಗಿ ನಿಲ್ಲಲಿ. ಅದಕ್ಕೆ ಹೊರಗಿನಿಂದ ಒಂದು ಹನಿ ಅಂಟೂ ತಾಗದಂತೆ ಒಳಗಿನಿಂದ ಆಸರೆ ಕೊಟ್ಟು ನಿಲ್ಲಿಸುತ್ತಾರೆ. ನೋಡಿದರೆ ಅರ್ಧ ಮದುವೆಮನೆ, ಅರ್ಧ ಪಾಳುಮನೆ. ಬೆಂಗಳೂರಿನ ಯಾವ ಗಿರಾಕಿಯೂ ಇಂಥದ್ದನ್ನು ಕೊಳ್ಳುವುದಿಲ್ಲ. ಆರೋಗ್ಯಮೇರಿ ಅದನ್ನು ಎದೆಗೊತ್ತಿಕೊಂಡು, ತಣ್ಣಗಾದ ಇಡ್ಲಿ ತಿಂದು, ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಾರೆ. ಬಾಗಿಲಲ್ಲಿ ನಿಂತು, “ಹಬ್ಬಕ್ಕೆ ಬಾ ಗೌರಮ್ಮಾ, ಸೊಸೇನೂ ಕರ್ಕೊಂಡು ಬಾ. ಎಲ್ಲಿ ಇಡ್ತೀವಿ ಅಂತ ನೀನೂ ನೋಡು,” ಎಂದು ಕರೆಯುತ್ತಾರೆ.

ಪುಟ್ಟಗೌರಮ್ಮ ಹೋಗುತ್ತಾರಂತೆ. ಏನು ತೆಗೆದುಕೊಂಡು ಹೋಗಬೇಕು, ಕಾಯಿ ಒಡೆಯಬೇಕೋ ಬೇಡವೋ, ಒಂದೂ ಗೊತ್ತಿಲ್ಲ, ಹೋಗಿಯೇ ತಿಳಿಯಬೇಕು. ಸಂಜೆ ಕುಮಾರಸ್ವಾಮಿ ಮನೆಗಳನ್ನು ತುಂಬಿಸಿಕೊಂಡು ಹೋಗಲು ಆಟೋ ತರುತ್ತಾರೆ. ಹಾಸಿಗೆಯ ಮೇಲಿನ ಸಾಲನ್ನು ಖಾಲಿ ಮಾಡುತ್ತಾ, ಇಷ್ಟು ವರ್ಷದಲ್ಲಿ ಕಟ್ಟಿದ್ದರಲ್ಲಿ ಯಾವುದು ಚೆನ್ನಾಗಿ ಬಂದಿದೆ ಎಂದು ಸುಮ್ಮನೆ ಮಾತಿಗೆ ಕೇಳುತ್ತಾರೆ. ಸುಟ್ಟುಕೊಂಡ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದ ಪುಟ್ಟಗೌರಮ್ಮ ತಲೆ ಎತ್ತುವುದಿಲ್ಲ.

“ಕಟ್ಟಿದ್ದು ಯಾವ್ದೋ ನಂಗೊತ್ತಿಲ್ಲ ಸಾ,” ಎನ್ನುತ್ತಾರೆ. “ಇವತ್ತೊಂದು ಕಿತ್ತಾಕ್ದೆ. ಅದು ಚೆನ್ನಾಗ್ ಬಂತು.”